ಕಲ್ಲಿಗೆ ಏರದ ಹನ್ನೊಂದು ಹೆಸರು

ನನ್ನ ಸೋದರಮಾವ ಬೆರಳು ಎಣಿಸುವುದನ್ನು ನೋಡಿದವರೆಲ್ಲ ಅವರು ಜಪ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನನ್ನದೊಂದು ಹಗ್ಗದ ಅಂಗಡಿ ಇದೆ. ಮಾವ ದೇಶನೂರಿನಿಂದ ವಾರಕ್ಕೊಮ್ಮೆ ಬಸ್ಸು ಹಿಡಿದು ಬಂದಾಗ ಬಾಗಿಲ ಪಕ್ಕದಲ್ಲಿ ಸುತ್ತಿಟ್ಟ ನಾರಿನ ಹಗ್ಗದ ಸುರುಳಿಯ ಮೇಲೆಯೇ ಕೂರುತ್ತಾರೆ. ಕುರ್ಚಿ ಕೊಟ್ಟರೆ ಬೇಡ. "ಕುರ್ಚಿ ನಿನ್ನ ಗಿರಾಕಿಗಿರಲಿ ಅಳಿಯಾ, ನಾನೇನು ಕೊಳ್ಳಾಕ ಬಂದೀನಿ?" ಚಹಾ ಕುಡಿದು ಲೋಟ ಕೆಳಗಿಟ್ಟ ಮೇಲೆ ಅವರ ಬಲಗೈಯ ಹೆಬ್ಬೆರಳು ಕಿರುಬೆರಳಿನ ಬುಡದ ಗೆಣ್ಣಿಗೆ ಹೋಗುತ್ತಿತ್ತು. ಅಲ್ಲಿಂದ ಒಂದೊಂದೇ ಗೆಣ್ಣು ಮುಂದಕ್ಕೆ. ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ತೋರುಬೆರಳಿನ ನಡುಗೆಣ್ಣಿಗೆ ಬಂದಾಗ ಹನ್ನೊಂದಾಗುತ್ತಿತ್ತು. ಹೆಬ್ಬೆರಳು ಅಲ್ಲಿಯೇ ಸ್ವಲ್ಪ ಹೊತ್ತು ಒತ್ತಿಕೊಂಡು ನಿಲ್ಲುತ್ತಿತ್ತು.

ಎದುರಿನ ಪಾತ್ರೆ ಅಂಗಡಿಯವರು ಒಮ್ಮೆ ರಸ್ತೆ ದಾಟಿ ಬಂದು ಕೇಳಿಯೇ ಬಿಟ್ಟರು. "ಯಜಮಾನರಿಗೆ ಯಾವ ಮಂತ್ರದ ಉಪದೇಶ ಆಗೇತ್ರೀ? ನಮಗೂ ಹೇಳ್ರಿ, ಯಾಪಾರ ಬಾಳ ಬಿದ್ದೈತಿ."

"ಮಂತ್ರ ಇಲ್ಲ, ತಂತ್ರ ಇಲ್ಲ," ಎಂದರು ಮಾವ. "ಹಾಜರಿ ಹಾಕಾಕತ್ತೀನಿ."

ಅದು ನಿಜವಾಗಿಯೂ ಹಾಜರಿಯೇ. ಮಾವನಿಗೆ ಮೀಸೆ ಮೂಡಿದ ಕಾಲದಲ್ಲಿ ಊರಿನಲ್ಲಿ ಒಂದು ತರುಣ ಸಂಘವಿತ್ತು. ಹನ್ನೊಂದು ಜನ. ಲಿಂಗಾಯತರಿದ್ದರು, ಬೇಡರಿದ್ದರು, ಕುರುಬರಿದ್ದರು, ಕೇರಿಯ ಇಬ್ಬರಿದ್ದರು, ಪಿಂಜಾರರ ಮನೆಯವನೊಬ್ಬನಿದ್ದ. ಕಾಲುವೆಯ ಹೂಳು ತೆಗೆಯುವುದು, ಬಯಲಾಟ ಆಡುವುದು, ಮದುವೆ ಮನೆಗಳಲ್ಲಿ ನೀರು ಹೊತ್ತು ಬಡಿಸುವುದು ಇವರ ಕೆಲಸ. ಎಲ್ಲರೂ ಕೂಡಿ ಒಂದು ಹರಿಗೋಲು ಮಾಡಿಸಿದ್ದರು. ಬಿದಿರಿನ ಬುಟ್ಟಿಗೆ ಡಾಂಬರು ಬಳಿದ ಆ ಹರಿಗೋಲಿನ ಮೇಲೆ ಅವರಿಗೆ ಎಷ್ಟು ಅಭಿಮಾನವೆಂದರೆ, ದಸರೆಯಲ್ಲಿ ಊರಿನವರು ಕುಂಟೆ ಕೂರಿಗೆ ಪೂಜೆ ಮಾಡಿದರೆ ಇವರು ಅದಕ್ಕೆ ಹೂವು ಏರಿಸುತ್ತಿದ್ದರಂತೆ. "ಅದರ ತಳಾ ಸೋರತಿತ್ತು, ಅದು ಬ್ಯಾರೆ ಮಾತು," ಎಂದು ಮಾವ ನಗುತ್ತಿದ್ದರು.

ಹನ್ನೊಂದರಲ್ಲಿ ಹತ್ತು ಜನ ಊರಿನವರು. ಹನ್ನೊಂದನೆಯವನು ಹೊಳೆಯ ಆಚೆಯಿಂದ, ತೆಲುಗು ಸೀಮೆಯ ಯಾವುದೋ ಹಳ್ಳಿಯಿಂದ ಭತ್ತ ನಾಟಿ ಮಾಡಲು ಬಂದವನು. ಒಂದು ಹಂಗಾಮಿಗೆಂದು ಬಂದು ಉಳಿದುಬಿಟ್ಟಿದ್ದ. ಎಲ್ಲರೂ ಅವನನ್ನು ಆಚೆದಂಡೆಯವನು ಎನ್ನುತ್ತಿದ್ದರು. ಅವನಿಗೆ ಹೆಸರಿರಲಿಲ್ಲವೆಂದಲ್ಲ. ಇತ್ತು. ಆ ಹೆಸರಿನ ಸಲುವಾಗಿಯೇ ನಾನಿದನ್ನು ಬರೆಯುತ್ತಿದ್ದೇನೆ.

ಹೊಳೆ ಊರೊಳಗೆ ಬಂದ ವರ್ಷದ ಕಥೆಯನ್ನು ನಾನು ಎರಡು ಬಾಯಿಂದ ಕೇಳಿದ್ದೇನೆ. ಒಂದು ಮಾವನ ಬಾಯಿ, ಇನ್ನೊಂದು ಅವರ ತಾಯಿಯಾದ ನನ್ನ ಅಜ್ಜಿಯ ಬಾಯಿ. ಎರಡಕ್ಕೂ ಎಲ್ಲಿಯೂ ತಾಳೆಯಾಗುವುದಿಲ್ಲ, ಕೊನೆಯೊಂದನ್ನು ಬಿಟ್ಟು. ಬೆಳಗಿನ ಬುತ್ತಿ ಕಟ್ಟುವ ಹೊತ್ತಿಗೆ ನೀರು ಹಿತ್ತಲಿಗೆ ಬಂದಿತ್ತು, ಮಧ್ಯಾಹ್ನಕ್ಕೆ ಮಾಳಿಗೆಯ ಅಂಚು ಮುಟ್ಟಿತ್ತು. ಸಂಘದವರು ಊರ ನಡುವಿನ ಬೇವಿನ ಮರದಿಂದ ದಿಬ್ಬದವರೆಗೆ ಹಗ್ಗ ಎಳೆದು ಕಟ್ಟಿ, ಅದನ್ನು ಹಿಡಿದು ಹರಿಗೋಲನ್ನು ಅತ್ತಿತ್ತ ಓಡಾಡಿಸಿದರು. ಎಷ್ಟು ಸಲ ಹೋಗಿ ಬಂದರೋ ಲೆಕ್ಕವಿಲ್ಲ. ಬಾಣಂತಿಯರು, ಮುದುಕರು, ಆಡಿನ ಮರಿಗಳು. ನಮ್ಮ ಮನೆ ಹೊಳೆಯ ಕಡೆಯ ಕಟ್ಟಕಡೆಯ ಮನೆ. ಮಾಳಿಗೆಯ ಮೇಲೆ ಉಳಿದವಳು ಅಜ್ಜಿ ಒಬ್ಬಳೇ. ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಅಲ್ಲಿಯವರೆಗೆ ಈಜಿ ಹೋದವನು ಆಚೆದಂಡೆಯವನು. ಹಗ್ಗದ ಈಚೆಯ ತುದಿ ನನ್ನ ಮಾವನ ಕೈಯಲ್ಲಿತ್ತು.

ಹರಿಗೋಲು ಮಾಳಿಗೆಗೆ ತಾಗಿದಾಗ ಅದರಲ್ಲಿ ಇನ್ನೊಬ್ಬರಿಗೆ ಮಾತ್ರ ಜಾಗವಿತ್ತು. "ಮುಂದು ಅವ್ವನು ತೀಸ್ಕೋಂಡಿ," ಎಂದನಂತೆ ಅವನು, ಮೊದಲು ಅವ್ವನನ್ನು ಕರೆದುಕೊಳ್ಳಿ ಎಂದು. ಅಜ್ಜಿಯನ್ನು ಎತ್ತಿ ಒಳಗೆ ಇಳಿಸಿದ. ಹರಿಗೋಲು ನಾಲ್ಕು ಮಾರು ಈಚೆ ಬಂದಿತ್ತೋ ಇಲ್ಲವೋ, ನೆನೆದ ಮಣ್ಣಿನ ಗೋಡೆ ಕುಸಿಯಿತು.

ಮಾವ ಈ ಕಥೆಯನ್ನು ಯಾವಾಗಲೂ ಇಲ್ಲಿ ಒಂದೇ ರೀತಿ ಮುಗಿಸುತ್ತಾರೆ. "ಹಗ್ಗ ಜಗ್ಗಿದೆ. ಹಗುರ ಬಂತು. ಕೈಯಾಗ ಹಗ್ಗ ಇತ್ತು, ಹಗ್ಗದಾಗ ಅವ ಇರಲಿಲ್ಲ."

ನಾನು ಹಗ್ಗದ ಅಂಗಡಿ ಇಡುತ್ತೇನೆ ಎಂದಾಗ ಮಾವ, "ಗಟ್ಟಿ ಮಾಲು ಇಡು," ಎಂದಷ್ಟೇ ಹೇಳಿದರು. ಈಗಲೂ ಅಂಗಡಿಗೆ ಹೊಸ ಮಾಲು ಬಂದರೆ ಎರಡು ಕೈಯಲ್ಲಿ ಹಿಡಿದು ಮೊಣಕಾಲಿಗೆ ಆನಿಸಿ ಜಗ್ಗಿ ನೋಡದೆ ಬಿಡುವುದಿಲ್ಲ.

ಕೆಲವು ವರ್ಷ ಕಳೆದು, ತಾಲೂಕಿನ ಹಿರಿಯರೆಲ್ಲ ಸೇರಿ ಸಂಘದ ನೆನಪಿಗೆ ಸಿರುಗುಪ್ಪದ ದಾರಿಯಲ್ಲಿ, ದೇಶನೂರಿಗೆ ತಿರುಗುವಲ್ಲಿ, ಒಂದು ಮೂರ್ತಿ ನಿಲ್ಲಿಸಬೇಕೆಂದರು. ಕಲ್ಲು ಕುರುಗೋಡಿನದು, ಕೆತ್ತುವವರೂ ಕುರುಗೋಡಿನವರೇ. ಎಡಗೈಯಲ್ಲಿ ಹರಿಗೋಲಿನ ಹುಟ್ಟು ಹಿಡಿದು, ಬಲಗೈಯನ್ನು ಮುಂದೆ ಚಾಚಿ ನಿಂತ ತರುಣ. ಯಾರ ಮುಖ ಕೆತ್ತಲಿ ಎಂದು ಕಲ್ಲುಕುಟಿಗರು ಕೇಳಿದಾಗ ಹತ್ತು ಜನರೂ ಒಬ್ಬರನ್ನೊಬ್ಬರು ತೋರಿಸಿದರಂತೆ. ಬೇಸತ್ತ ಕಲ್ಲುಕುಟಿಗರು ಯಾರದೂ ಅಲ್ಲದ ಮುಖ ಮಾಡಿದರು. ಮೂರ್ತಿ ಬಂದ ದಿನ ಮನೆಮನೆಯವರು ಗಾಡಿಯ ಸುತ್ತ ನಿಂತು, ಕಿವಿ ನಮ್ಮವನದು, ಗದ್ದ ನಮ್ಮವನದು ಎಂದು ಹಂಚಿಕೊಂಡರು.

ಪೀಠದ ಮುಂಭಾಗವನ್ನು ಕನ್ನಡಿಯ ಹಾಗೆ ನುಣುಪು ಮಾಡಿ, ಕೆಮ್ಮಣ್ಣಿನಲ್ಲಿ ಹನ್ನೊಂದು ಗೆರೆ ಎಳೆದಿದ್ದರು. ಗೆರೆಗೊಂದು ಹೆಸರು. ಹೆಸರಿನ ಸುದ್ದಿ ಕಿವಿಗೆ ಬಿದ್ದದ್ದೇ ತಡ, ನನ್ನ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಆ ಕಲ್ಲಿನ ಮೇಲೆಯೇ ಕುಳಿತಳು.

"ಉಸಿರಾಡೋನ ಹೆಸರು ಕಲ್ಲಿಗೆ ಹತ್ತಬಾರದು. ಯಮ ಓದಿಕೊಂಡು ಬರ್ತಾನ."

"ಗುಡಿ ಪಾವಟಿಗಿ ಮ್ಯಾಲ ದಾನ ಕೊಟ್ಟೋರ ಹೆಸರು ಇರ್ತಾವಲ್ಲ ಯವ್ವ?" ಎಂದು ಸಂಘದ ಅಧ್ಯಕ್ಷರು ಕೇಳಿದರಂತೆ.

"ಅದು ಶಿವನ ಅಂಗಳ, ಅಲ್ಲಿಗೆ ಬರಾಕ ಯಮಗ ಧೈರ್ಯ ಇಲ್ಲ. ಇದು ರಸ್ತಾ. ಬಸ್ಸಿಗೆ ಬಂದು ಇಳೀತಾನ ಅವ."

ಜನ ನಕ್ಕರು. ಆದರೆ ಸುತ್ತ ನಿಂತಿದ್ದ ಉಳಿದ ತಾಯಂದಿರು ನಗಲಿಲ್ಲ. ಅವರಿಗೂ ಅದೇ ಭಯವಿತ್ತು, ಬಾಯಿ ಮಾತ್ರ ನನ್ನ ಅಜ್ಜಿಯದು. ಹಾಗಾದರೆ ಹೋದವನೊಬ್ಬನ ಹೆಸರನ್ನಾದರೂ ಕೆತ್ತೋಣ ಎಂದು ಯಾರೋ ಅಂದರು. ಅದಕ್ಕೆ ಹತ್ತು ಜನರೂ ಒಪ್ಪಲಿಲ್ಲ. ಅವನನ್ನು ಒಬ್ಬನೇ ಮಾಡಿ ಒಮ್ಮೆ ಕಳಿಸಿದ್ದು ಸಾಕು, ಹಾಕಿದರೆ ಹನ್ನೊಂದನ್ನೂ ಕೂಡಿಯೇ ಹಾಕುವುದು ಎಂದರು. ಕಡೆಗೆ ಒಂದು ಮಾತಾಯಿತು. ಕಲ್ಲು ಹಾಗೆಯೇ ಖಾಲಿ ಇರಲಿ. ಎಲ್ಲರೂ ಹೋಗಿ ಒಬ್ಬ ಉಳಿದಾಗ, ಆ ಕಡೆಯವನು ನಿಂತು ಹತ್ತು ಹೆಸರು ಕೆತ್ತಿಸಬೇಕು. ಅವನದನ್ನು ಅವನ ಮನೆಯವರು ಆಮೇಲೆ ಕೆತ್ತಿಸಬೇಕು. ಸಂಘದ ಹೆಸರನ್ನು ಮಾತ್ರ ಒಂದು ತಗಡಿಗೆ ಬರೆಸಿ ಮೊಳೆ ಹೊಡೆದರು. ಆ ತಗಡು ನಾನು ಹುಟ್ಟುವ ಮೊದಲೇ ತುಕ್ಕು ಹಿಡಿದು ಉದುರಿತ್ತು.

ಹೆಸರುಗಳನ್ನು ಎಲ್ಲಾದರೂ ಬರೆದಿಡಬೇಕಿತ್ತು, ನಿಜ. ಸಂಘದ ಪುಸ್ತಕ ಹೊಳೆಯಲ್ಲಿಯೇ ಹೋಗಿತ್ತು. ಹೊಸ ಪುಸ್ತಕ ಮಾಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಹನ್ನೊಂದು ಹೆಸರು ನೆನಪಿಡಲು ಪುಸ್ತಕ ಬೇಕೇ? ಮಾವ ಗೆಣ್ಣು ಎಣಿಸತೊಡಗಿದ್ದು ಆಗಿನಿಂದ.

ಮೂರ್ತಿ ಮುಂದೆ ತನ್ನದೇ ಸಂಸಾರ ಮಾಡಿಕೊಂಡಿತು. ಬಸ್ಸಿನವರ ಬಾಯಲ್ಲಿ ಅದು ಕೈಮೂರ್ತಿ. ಚಾಚಿದ ಆ ಕೈಗೆ ಯಾರೋ ಒಂದು ಕಾಲದಲ್ಲಿ ಕಂದೀಲು ತೂಗುಹಾಕಿದ್ದರು, ಇನ್ನೊಂದು ಕಾಲದಲ್ಲಿ ಹುಟ್ಟುಹಬ್ಬದ ಬ್ಯಾನರಿನ ದಾರ ಕಟ್ಟಿದ್ದರು. ಚುನಾವಣೆ ಬಂದಾಗ, ಅದು ಒಂದು ಪಕ್ಷದ ಗುರುತು ಎಂದು ಅಧಿಕಾರಿಗಳು ಆ ಅಂಗೈಗೆ ಗೋಣಿಚೀಲ ಸುತ್ತಿಸುತ್ತಿದ್ದರು. "ನೋಡಲೇ, ನಮ್ಮ ಹುಡುಗಗ ಗಾಯ ಆಗೇತಿ," ಎಂದು ಮಾವ ಬಸ್ಸಿನ ಕಿಟಕಿಯಿಂದ ತೋರಿಸುತ್ತಿದ್ದರು. ಪ್ರತಿ ಸಲ ಅಲ್ಲಿ ಹಾಯುವಾಗ ಅವರ ಕಣ್ಣು ಹೋಗುತ್ತಿದ್ದದ್ದು ಮುಖಕ್ಕಲ್ಲ, ಕೆಳಗಿನ ಖಾಲಿ ಕಲ್ಲಿಗೆ.

ಜೊತೆಯವರು ಒಬ್ಬೊಬ್ಬರಾಗಿ ಹೋದರು. ಅಧ್ಯಕ್ಷರು, ಕಾರ್ಯದರ್ಶಿ, ಬಯಲಾಟದಲ್ಲಿ ಹೆಣ್ಣುವೇಷ ಹಾಕುತ್ತಿದ್ದವರು, ಹರಿಗೋಲಿಗೆ ಡಾಂಬರು ಬಳಿದವರು. ಹೋದ ವರ್ಷ ಸುಗ್ಗಿಯ ಹೊತ್ತಿಗೆ ಪಿಂಜಾರರ ಮನೆಯ ಹಿರಿಯರೂ ತೀರಿಕೊಂಡರು. ಮಣ್ಣು ಮುಗಿಸಿ ಮರುದಿನವೇ ಮಾವ ನನ್ನ ಅಂಗಡಿಗೆ ಬಂದರು. ಕೂರಲೂ ಇಲ್ಲ.

"ಅಳಿಯಾ, ನಾನೊಬ್ಬನೇ ಉಳಿದೆ. ಅಂಗಡಿ ಬಾಗಲಾ ಹಾಕು, ಕುರುಗೋಡಿಗೆ ಹೋಗೋನು. ಕಲ್ಲುಕುಟಿಗರನ್ನ ಕರಕೊಂಡು ಬರಬೇಕು."

"ಇವತ್ತೇ ಯಾಕ್ರೀ ಮಾವ? ಸಂತಿ ದಿನ ಐತಿ, ಗಿರಾಕಿ ಅದಾರ."

"ನಿನ್ನ ಗಿರಾಕಿಗೆ ನಾಳೆನೂ ಹಗ್ಗ ಬೇಕಾಗತೈತಿ. ನಾ ನಾಳೆ ಇರ್ತೀನೇನು? ಎಂಬತ್ತು ದಾಟಿ ಬಾಳ ದಿನ ಆತು. ನಾ ಹೋದ್ರ ಆ ಹೆಸರು ಯಾರು ಹೇಳೋರು?"

"ನನಗೆ ಹೇಳ್ರಿ, ಬರಕೋತೀನಿ," ಎಂದು ಬಿಲ್ಲಿನ ಪುಸ್ತಕ ತೆಗೆದೆ.

ಮಾವ ನನ್ನ ಕೈಯಿಂದ ಪೆನ್ನು ಕಸಿದು ಕಿಸೆಗೆ ಹಾಕಿಕೊಂಡರು. "ಹಗ್ಗದ ಬಿಲ್ಲಿನ ಮ್ಯಾಲ ಬರೆಯೋ ಹೆಸರಲ್ಲಲೇ ಅವು. ಮೊದಲು ಕಲ್ಲಿನ ಮ್ಯಾಲ."

ಅಂದು ನಾನು ಹಟ ಹಿಡಿದು ಬರೆದುಕೊಳ್ಳಬೇಕಿತ್ತು.

ಮೊದಲು ಪೀಠದ ಅಳತೆ ತೆಗೆದುಕೊಂಡು ಹೋಗೋಣ ಎಂದು ಸಿರುಗುಪ್ಪದ ಬಸ್ಸು ಹತ್ತಿದೆವು. ಮಾವ ನನ್ನ ಅಂಗಡಿಯ ಟೇಪನ್ನು ಕೈಯಲ್ಲಿಯೇ ಹಿಡಿದುಕೊಂಡಿದ್ದರು. "ಕೈಮೂರ್ತಿ ಇಳಿಯೋರು ಬರ್ರಿ," ಎಂದು ಕಂಡಕ್ಟರ್ ಕೂಗಿದ. ಇಳಿದೆವು. ಬಸ್ಸು ಹೋಯಿತು. ಧೂಳು ಇಳಿಯಿತು. ಅಲ್ಲಿ ಮೂರ್ತಿ ಇರಲಿಲ್ಲ.

ರಸ್ತೆ ಎರಡರಷ್ಟು ಅಗಲವಾಗಿತ್ತು. ಮೂರ್ತಿಯಿದ್ದ ಜಾಗದಲ್ಲಿ ಹೊಸ ಡಾಂಬರು ಕಪ್ಪಗೆ ಹೊಳೆಯುತ್ತಿತ್ತು. ಮಾವ ಮುಂಗಾರಿನಿಂದ ಕಾಲು ನೋವೆಂದು ಊರು ಬಿಟ್ಟಿರಲಿಲ್ಲ, ಬಳ್ಳಾರಿಗೆ ಬಂದದ್ದೂ ಆಮೇಲೆ ಇದೇ ಮೊದಲು. ಅದೂ ಊರಿನ ಒಬ್ಬರ ಕಾರಿನಲ್ಲಿ, ಬೇರೆ ದಾರಿಯಿಂದ. ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದ ಹೆಂಗಸನ್ನು ಕೇಳಿದೆ. "ಕಿತ್ತು ಲಾರಿಗೆ ಹಾಕಿದ್ರು ಯಣ್ಣ, ಭತ್ತ ತೆನಿ ಹಿಡದಾಗ. ಎಲ್ಲಿಗೆ ಒಯ್ದ್ರೋ ಗೊತ್ತಿಲ್ಲ. ಯಾರೂ ಕೇಳಲಿಲ್ಲ."

ಮಾವ ಟೇಪಿನ ನಾಲಿಗೆಯನ್ನು ಎಳೆಯುವುದು, ಬಿಡುವುದು ಮಾಡುತ್ತ ಬಹಳ ಹೊತ್ತು ನಿಂತರು.

ಬಳ್ಳಾರಿಯ ಒಂದು ಕಚೇರಿಯಲ್ಲಿ ಇದರ ಕಾಗದ ಇದೆ ಎಂದು ತಿಳಿಯಲು ನಮಗೆ ಮೂರು ವಾರ ಹಿಡಿಯಿತು. ಅಲ್ಲಿಯ ಗುಮಾಸ್ತರು ಒಳ್ಳೆಯವರು. ಮಾವನಿಗೆ ಕುರ್ಚಿ ಹಾಕಿ ನೀರು ಕೊಟ್ಟರು. ಆಮೇಲೆ ಕೇಳಿದರು.

"ಯಾರ ಮೂರ್ತಿರೀ ಅದು ಅಜ್ಜಾ?"

"ತರುಣ ಸಂಘದ್ದು."

"ಹಂಗಲ್ಲ. ಯಾವ ಸಮಾಜದ್ದು? ಸಮಾಜದೋರು ಬಂದು ಅರ್ಜಿ ಕೊಟ್ರ ನಾವು ಜಾಗ ತೋರಿಸ್ತೀವಿ. ಅದೇ ರಸ್ತಾದಾಗ ಇನ್ನ ಎರಡು ಮೂರ್ತಿ ಇದ್ವು. ಅವರ ಮಂದಿ ಬಂದು ಕುಂತ್ರು, ವಾರದೊಳಗ ಬ್ಯಾರೆ ಕಡಿ ನಿಲ್ಲಿಸಿ ಹಾರ ಹಾಕಿದ್ರು. ನಿಮ್ಮದಕ್ಕ ಯಾರೂ ಬರಲಿಲ್ಲ."

"ನಮ್ಮದರಾಗ ಎಲ್ಲಾ ಸಮಾಜದೋರೂ ಇದ್ರು."

"ಎಲ್ಲಾರದೂ ಅಂದ್ರ ಯಾರದೂ ಅಲ್ಲ ಅಂತ ಆಕ್ಕೈತಿ ಅಜ್ಜಾ ನಮ್ಮ ಫೈಲಿನ್ಯಾಗ," ಎಂದರು ಅವರು. ನೋಯಿಸಲು ಹೇಳಿದ್ದಲ್ಲ. ನಿಜವಾಗಿಯೂ ಅವರಿಗೆ ಅದನ್ನು ಯಾವ ಸಾಲಿನಲ್ಲಿ ಬರೆಯಬೇಕೆಂದು ತಿಳಿದಿರಲಿಲ್ಲ. "ಹೋಗಲಿ, ಸಂಘದ ಲೆಟರ್‌ಹೆಡ್ಡಿನ್ಯಾಗ ಒಂದು ಅರ್ಜಿ ಕೊಡ್ರಿ. ಅಧ್ಯಕ್ಷರು, ಕಾರ್ಯದರ್ಶಿ ಸಹಿ ಇರಲಿ."

"ಅಧ್ಯಕ್ಷರ ಸಹಿ ಬೇಕಂದ್ರ ನಾ ಮ್ಯಾಲ ಹೋಗಿ ತರಬೇಕು," ಎಂದು ಮಾವ ಆಕಾಶ ತೋರಿಸಿದರು. "ಹೋದೋನು ತಿರುಗಿ ಬರೂದು ಖಾತ್ರಿ ಇಲ್ಲ."

ಗುಮಾಸ್ತರು ನಕ್ಕರು. ಮಾವನೂ ನಕ್ಕರು. ಕಡೆಗೆ ಗುಮಾಸ್ತರು ಕಾಗದ ತಿರುವಿ ಒಂದು ವಿಷಯ ಹೇಳಿದರು. ಕಿತ್ತ ಕಲ್ಲನ್ನೆಲ್ಲ ರಸ್ತೆ ಕೆಲಸ ಹಿಡಿದವರು ಕುರುಗೋಡಿನ ಹತ್ತಿರದ ತಮ್ಮ ಜಲ್ಲಿ ಅಂಗಳಕ್ಕೆ ಸಾಗಿಸಿದ್ದರು. ಮೂರ್ತಿ ಹುಟ್ಟಿದ ಗುಡ್ಡದ ಬುಡಕ್ಕೇ ವಾಪಸ್ಸು ಹೋಗಿತ್ತು.

ಮರುದಿನ ಕುರುಗೋಡಿಗೆ ಹೋದೆವು. ಬಸವಣ್ಣನ ಗುಡಿಯ ಮುಂದೆ ಬಸ್ಸು ಇಳಿದು, ಮೂರ್ತಿ ಕೆತ್ತಿದವರ ಮಗನನ್ನು ಕರೆದುಕೊಂಡೆವು. ಐವತ್ತು ದಾಟಿದ ಈ ಮಗ ಈಗ ಉಳಿ ಮುಟ್ಟುವುದು ಕಡಿಮೆ, ಯಂತ್ರದಲ್ಲಿ ಅಡುಗೆಕಟ್ಟೆಯ ಕಲ್ಲು ಕೊಯ್ಯುತ್ತಾರೆ. ಆದರೂ ಅಪ್ಪನ ಕೆಲಸವೆಂದು ಕೇಳಿ ಮೋಟರ್‌ಸೈಕಲ್ ನಿಲ್ಲಿಸಿ ನಮ್ಮ ಜೊತೆ ನಡೆದೇ ಬಂದರು.

ಅಂಗಳದ ಮೂಲೆಯಲ್ಲಿ ಮೂರ್ತಿ ಮುಖ ಕೆಳಗಾಗಿ ಬಿದ್ದಿತ್ತು. ಕೈ ಮೊಣಕೈಯಲ್ಲಿ ಮುರಿದಿತ್ತು, ಮುರಿದ ತುಂಡು ಅಲ್ಲೆಲ್ಲೂ ಕಾಣಲಿಲ್ಲ. ಬೆನ್ನ ಮೇಲೆ ಯಾರೋ ಅಂಗಿ ಒಣಗಿಸಿದ್ದರು. ಮಾವ ಅದನ್ನು ತೆಗೆದು ಮಡಿಸಿ ಪಕ್ಕಕ್ಕಿಟ್ಟರು. ಅವರಿಗೆ ಬೇಕಾಗಿದ್ದದ್ದು ಮೂರ್ತಿಯಲ್ಲ.

"ಇದರ ಕೆಳಗಿನ ಕಲ್ಲು ಎಲ್ಲಿ?"

ಕಾವಲಿನವನು ಯಂತ್ರದ ಕಡೆ ನೋಡಿದ. "ಅದಾ? ಅದು ಬರೀ ಕಲ್ಲಿತ್ತಲ್ರೀ. ಜಲ್ಲಿ ಮಾಡಿದ್ರು. ನಿಮ್ಮ ರಸ್ತಾಕ್ಕೇ ಹೋತು."

"ಅದು ಬರೀ ಕಲ್ಲಲ್ಲಪಾ."

"ಏನರ ಬರೆದಿತ್ತೇನ್ರಿ? ನಾವು ನೋಡಿದ್ವಿ ಯಜಮಾನ್ರ, ಏನೂ ಇರಲಿಲ್ಲ. ಬರಹ ಇರೋ ಕಲ್ಲು ನಾವು ಮುಟ್ಟೂದಿಲ್ಲ. ಅಲ್ಲಿ ನೋಡ್ರಿ."

ಅವನು ತೋರಿಸಿದ ಕಡೆ, ಹುಣಸೆಮರದ ಬುಡದಲ್ಲಿ, ಅಕ್ಷರ ಇದ್ದ ಕಲ್ಲುಗಳನ್ನೆಲ್ಲ ಒರಗಿಸಿ ನಿಲ್ಲಿಸಿದ್ದರು. ಯಾವುದೋ ಬಾವಿಯದು, ಯಾವುದೋ ಅರವಟ್ಟಿಗೆಯದು, ಯಾವುದೋ ಊರಿನ ದಾನಿಯದು. ಕೆಲವಕ್ಕೆ ಅರಿಸಿನ ಹಚ್ಚಿದ್ದರು. ಹೆಸರಿದ್ದವೆಲ್ಲ ಉಳಿದಿದ್ದವು.

ನಾನು ಅಜ್ಜಿಯನ್ನು ನೆನೆದೆ. ಮಾವ ಏನು ನೆನೆದರೋ ತಿಳಿಯದು. ಒಂದು ಕಲ್ಲಿನ ಅಕ್ಷರದ ಮೇಲೆ ಬೆರಳಾಡಿಸಿ, "ನಮ್ಮವ್ವಗ ಯಮನ ಭಯ ಇತ್ತು," ಎಂದರು. "ಜಲ್ಲಿ ಮಿಷನ್ ಆಕಿಗೆ ಗೊತ್ತಿರಲಿಲ್ಲ."

ಕಲ್ಲುಕುಟಿಗರ ಮಗ ನಮ್ಮನ್ನು ತಮ್ಮ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಚಹಾ ತರಿಸಿದರು. ಒಳಗೆ ಗೋಡೆಗೆ ಒರಗಿಸಿದ್ದ ಒಂದು ಕರಿಕಲ್ಲಿನ ಚಪ್ಪಡಿಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ ಹೇಳಿದರು. "ಅಪ್ಪ ಕೆಮ್ಮಣ್ಣಿನ ಗೆರಿ ಎಳೆದದ್ದು ನಾ ಕೇಳೀನಿ ಯಜಮಾನ್ರ. ಅರ್ಧ ಆಗಿ ನಿಂತ ಕೆಲಸ ನಮ್ಮ ಮನೀದು ಅದೊಂದೇ. ಈ ಕಲ್ಲು ನಿಮಗ ಹಂಗೇ ಕೊಡ್ತೀನಿ. ನಿಮ್ಮೂರಾಗ ನಿಲ್ಲಸ್ರಿ. ಯಂತ್ರ ಬ್ಯಾಡ, ಕೈಲೇ ಕೊರೀತೀನಿ. ಹೆಸರು ಹೇಳ್ರಿ."

ಆ ಒಂದು ಗಳಿಗೆ ನನಗೆ ಎಲ್ಲವೂ ಸರಿಹೋಯಿತು ಎನಿಸಿತ್ತು. ಮಾವನ ಮುಖವೂ ಅರಳಿತು. ನೆಟ್ಟಗೆ ಕೂತು, ಕಣ್ಣು ಮುಚ್ಚಿ, ಹೆಬ್ಬೆರಳನ್ನು ಕಿರುಬೆರಳಿನ ಬುಡಕ್ಕೆ ಒಯ್ದರು. ಮೊದಲ ಸಲ ಆ ಹೆಸರುಗಳು ದನಿಯಾಗಿ ಹೊರಗೆ ಬಂದವು. ಅಧ್ಯಕ್ಷರದು, ಕಾರ್ಯದರ್ಶಿಯದು, ಅಣ್ಣತಮ್ಮಂದಿರಿಬ್ಬರದು. ಅಡ್ಡಹೆಸರು, ಅಪ್ಪನ ಹೆಸರು ಎಲ್ಲ ಕೂಡಿಸಿ, ಅವಸರವಿಲ್ಲದೆ ಹೇಳಿದರು. ಕಲ್ಲುಕುಟಿಗರ ಮಗ ಸೀಸದಕಡ್ಡಿಯಲ್ಲಿ ರಟ್ಟಿನ ಮೇಲೆ ಬರೆದುಕೊಳ್ಳುತ್ತಿದ್ದರು. ಒಂಬತ್ತಾಯಿತು. ಹತ್ತನೆಯ ಗೆಣ್ಣಿಗೆ, "ಇದು ನಾನು, ಇದು ಆಮೇಲೆ," ಎಂದರು. ಹೆಬ್ಬೆರಳು ನಡುಗೆಣ್ಣಿಗೆ ಸರಿಯಿತು. ಒತ್ತಿ ನಿಂತಿತು.

ಬಾಯಿ ತೆರೆಯಿತು. ಏನೂ ಬರಲಿಲ್ಲ.

ಮತ್ತೆ ಮೊದಲಿನಿಂದ ಬಂದರು, ಏಣಿಯನ್ನು ಕೆಳಗಿನಿಂದ ಹತ್ತಿದರೆ ಮೇಲಿನ ಮೆಟ್ಟಿಲು ತಾನಾಗಿ ಸಿಗುತ್ತದೆ ಎಂಬಂತೆ. ಒಂಬತ್ತು ಹೆಸರು ಬಂದವು. ಹನ್ನೊಂದನೆಯದು ಬರಲಿಲ್ಲ. ಮೂರನೆಯ ಸಲ ವೇಗವಾಗಿ ಹೇಳಿ ನೋಡಿದರು. ನಾಲ್ಕನೆಯ ಸಲ ಅಧ್ಯಕ್ಷರ ಹೆಸರನ್ನೇ ತಪ್ಪಿದರು. ನಾನು ಅವರ ಕೈ ಹಿಡಿದೆ.

"ಯಾವಾಗಿಂದ್ರೀ ಮಾವ?"

"ಗೊತ್ತಿಲ್ಲ ಅಳಿಯಾ." ಅವರು ಆ ಗೆಣ್ಣನ್ನೇ ನೋಡುತ್ತಿದ್ದರು. "ದಿನಾ ಮುಟ್ಟತಿದ್ದೆ. ಮುಟ್ಟಿದ ಕೂಡ್ಲೆ ಅವನ ಮುಖ ಬರತಿತ್ತು. ಮುಖ ಬಂತಲ್ಲ ಅಂತ ಬಿಟ್ಟೆ. ಹೆಸರು ಬಂತೋ ಇಲ್ಲೋ, ನೋಡೇ ಇಲ್ಲ."

ಕಲ್ಲುಕುಟಿಗರ ಮಗ ಸಮಾಧಾನಕ್ಕೆ ಹೇಳಿದರು. "ಆಚೆದಂಡೆಯವ ಅಂತನ ಕೊರೀಲೇನ್ರಿ? ಎಲ್ಲಾರೂ ಹಂಗ ಕರೀತಿದ್ರು ಅಂದ್ರಲ್ಲ."

"ಅದು ನಾವು ಇಟ್ಟದ್ದು. ಅವರವ್ವ ಇಟ್ಟದ್ದಲ್ಲ."

ಆಮೇಲೆ ನಾವು ಹುಡುಕದ ಜಾಗವಿಲ್ಲ. ಊರಿನ ಹಳೆಯ ತಲೆಗಳೆಲ್ಲ "ಆಚೆದಂಡೆಯವ" ಎಂದೇ ಹೇಳಿದರು. ಹೊಳೆ ದಾಟಿ ಆಚೆಯ ನಾಲ್ಕಾರು ಹಳ್ಳಿಗಳಲ್ಲಿ ಕೇಳಿದೆವು. ನಾಟಿಗೆಂದು ಹೋಗಿ ಬಾರದಿದ್ದವರು ಅಲ್ಲಿ ಮನೆಗೊಬ್ಬರಿದ್ದರು. ನಮ್ಮವನು ಯಾವ ಮನೆಯವನೆಂದು ಹೇಳಲು ನಮ್ಮ ಬಳಿ ಗುರುತು ಏನಿತ್ತು? ಚೆನ್ನಾಗಿ ಈಜುತ್ತಿದ್ದ ಎಂಬುದೊಂದೇ. ಹೊಳೆ ಬಂದ ವರ್ಷದ ನಷ್ಟದ ಪಟ್ಟಿಯ ಒಂದು ಹರಿದ ಹಾಳೆ ಊರಿನ ಹಳೆಯ ಮನೆಯೊಂದರ ಪೆಟ್ಟಿಗೆಯಲ್ಲಿ ಸಿಕ್ಕಾಗ ನಾನು ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಬಿದ್ದ ಮನೆಗಳಿಗೆ ಯಜಮಾನರ ಹೆಸರಿತ್ತು. ಸತ್ತ ಎತ್ತುಗಳಿಗೂ ಬಣ್ಣ ಬರೆದಿದ್ದರು. ಕೊನೆಯ ಸಾಲಿನಲ್ಲಿ, "ಕೂಲಿಯಾಳು, ಒಬ್ಬ."

ಇಲ್ಲಿ ನನ್ನ ಪಾಲಿನದನ್ನೂ ಹೇಳಬೇಕು. ಹಿರಿಯರ ಹಬ್ಬದ ದಿನ ಅಜ್ಜಿ ಮನೆಯ ಹಿರಿಯರಿಗೆಲ್ಲ ಎಡೆ ಹಾಕಿದ ಮೇಲೆ, ಒಂದು ಎಲೆಯನ್ನು ಬೇರೆಯಾಗಿ ಬಾಗಿಲ ಹತ್ತಿರ, ಹೊಳೆಯ ಕಡೆ ಮುಖ ಮಾಡಿ ಹಾಕುತ್ತಿದ್ದಳು. ಅನ್ನ, ಹೋಳಿಗೆ, ಮೇಲೊಂದು ಚಮಚ ತುಪ್ಪ. ಹಾಕಿ, ನೀರು ಸುತ್ತು ಕಟ್ಟಿ, ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಮೆಲ್ಲಗಲ್ಲ, ಹೊಲದಲ್ಲಿರುವವನನ್ನು ಊಟಕ್ಕೆ ಕರೆಯುವ ಹಾಗೆ. "ಬಾರಪಾ, ಹೊತ್ತಾತು, ಎಲಿ ಆರತೈತಿ." ವರ್ಷವರ್ಷವೂ ನಾನು ಅವಳ ಪಕ್ಕದಲ್ಲಿಯೇ ನಿಂತಿರುತ್ತಿದ್ದೆ. ನನ್ನ ಕಣ್ಣು ಹೋಳಿಗೆಯ ಮೇಲಿತ್ತು. ಈ ಕರೆಗೆ ಮೊದಲು ಒಂದು ಹೆಸರು ಇತ್ತು, ಎರಡು ಅಕ್ಷರದ್ದೋ ಮೂರು ಅಕ್ಷರದ್ದೋ. ಅಜ್ಜಿ ಕಲಿಸಿದ ಗಾದೆ ನೂರು ಹೇಳಬಲ್ಲೆ. ಅವಳ ಬೈಗುಳ, ಒಗಟು, ಸೋಬಾನೆಯ ಸೊಲ್ಲು, ಸೊಸೆಯಂದಿರನ್ನು ಚುಚ್ಚುವಾಗ ಎಳೆಯುತ್ತಿದ್ದ ರಾಗ, ಎಲ್ಲವೂ ಇದ್ದ ಹಾಗೆಯೇ ಕಿವಿಯಲ್ಲಿವೆ. ನನಗೆ ಮಾತು ಬಂದದ್ದೇ ಅವಳಿಂದ. ಆ ಒಂದು ಮಾತನ್ನು ಮಾತ್ರ ನಾನು ಕಲಿಯಲಿಲ್ಲ. ಅವಳ ಬಾಯಿ ಅಲುಗುವುದು ಕಾಣುತ್ತದೆ. "ಬಾರಪಾ" ಎಂಬಲ್ಲಿಂದ ಕೇಳಿಸುತ್ತದೆ.

ಶ್ರಾವಣದಲ್ಲಿ ಕಲ್ಲುಕುಟಿಗರ ಮಗ ಫೋನು ಮಾಡಿದರು. ಒಂಬತ್ತು ಹೆಸರು ಕೊರೆದು ಇಟ್ಟಿದ್ದೇನೆ, ಕಲ್ಲು ಒಯ್ಯಿರಿ, ಕೆಳಗೆ ಜಾಗ ಬಿಟ್ಟಿದ್ದೇನೆ, ಸಿಕ್ಕರೆ ಆಮೇಲೆ ಬಂದು ಕೊರೆಯುತ್ತೇನೆ ಎಂದರು. ಮಾವನಿಗೆ ಹೇಳಿದೆ.

"ತರಬ್ಯಾಡ."

"ಅಲ್ರೀ ಮಾವ, ಒಂಬತ್ತು ಮಂದೀದರ ಉಳೀಲಿ. ಅವರೇನು ಪಾಪ ಮಾಡ್ಯಾರ?"

"ಒಂಬತ್ತು ಹಾಕಿ ಅವನ್ನ ಬಿಟ್ರ, ಎರಡನೇ ಸಲ ಹಗ್ಗ ಬಿಟ್ಟಂಗ. ಹಾಕಿದ್ರ ಹನ್ನೊಂದು. ಹಂಗ ಮಾತಾಗೇತಿ."

"ಆ ಮಾತಾಡಿದೋರು ಈಗ ಯಾರೂ ಇಲ್ಲಲ್ರೀ."

"ನಾ ಅದೀನಲ್ಲ."

ಆ ಕಲ್ಲು ಕುರುಗೋಡಿನ ಕೊಟ್ಟಿಗೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ. ರಟ್ಟಿನ ಮೇಲೆ ಬರೆದುಕೊಂಡ ಆ ಒಂಬತ್ತು ಹೆಸರು ನನ್ನ ಬಳಿಯೂ ಇವೆ. ಇಲ್ಲಿ ಬರೆಯಬಹುದಿತ್ತು. ಮಾವನ ಮಾತಿಗೆ ಬರೆದಿಲ್ಲ.

ಅವರು ಈಗಲೂ ವಾರಕ್ಕೊಮ್ಮೆ ಬರುತ್ತಾರೆ. ಹಗ್ಗದ ಸುರುಳಿಯ ಮೇಲೆ ಕೂತು ಚಹಾ ಕುಡಿಯುತ್ತಾರೆ. ಲೋಟ ಕೆಳಗಿಟ್ಟ ಮೇಲೆ ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿರುತ್ತದೆ, ಹೆಬ್ಬೆರಳು ಎಲ್ಲಿಗೂ ಹೋಗುವುದಿಲ್ಲ. ಎದುರಿನ ಪಾತ್ರೆ ಅಂಗಡಿಯವರಿಗೆ ಇದ್ಯಾವುದೂ ತಿಳಿಯದು. ಮೊನ್ನೆ ಅಲ್ಲಿಂದಲೇ ಕೂಗಿದರು. "ಏನ್ರೀ ಯಜಮಾನ್ರ, ಇವತ್ತು ಹಾಜರಿ ಇಲ್ಲೇನ್ರಿ?"

"ಸಾಲಿ ಸೂಟಿ," ಎಂದರು ಮಾವ.

ಬಸ್ಸಿನ ಹೊತ್ತಾಗುವವರೆಗೆ ಕೂತಿದ್ದರು. ಏಳುವಾಗ ಪ್ರತಿ ವಾರ ಕೇಳುವುದನ್ನು ಕೇಳಿದರು. "ನಿನಗೇನರ ನೆನಪು ಬಂತೇನಲೇ?"

"ಇಲ್ರೀ ಮಾವ."

"ಹೂಂ," ಎಂದು ಬಾಗಿಲಲ್ಲಿ ತೂಗುಹಾಕಿದ್ದ ಹೊಸ ಹಗ್ಗದ ತುದಿಯನ್ನು ಒಮ್ಮೆ ಜಗ್ಗಿ ನೋಡಿ, ಮೆಟ್ಟಿಲಿಳಿದು ಹೋದರು.